ಹೊರಟಿತು, ದಾಟಿತು, ಮುಟ್ಟಿತು: ಫೋನಿಗೆ ಜೋಡಿಸುವ ರೇಡಿಯೋ ಸೆಟ್‌ಗೆ ಕನ್ನಡದ ಮಾತು

ಗೆಳೆಯರಿಗೆ ನಮಸ್ಕಾರ.

ಪುಣೆಯಲ್ಲಿ ನಾವು ಕೆಲವು ಕನ್ನಡದವರು ಸೇರಿ ಸಹ್ಯಾದ್ರಿಯ ಕೋಟೆಗಳನ್ನು ಹತ್ತುತ್ತೇವೆ. ರಾಜಗಡ, ತೋರಣಾ, ಹರಿಶ್ಚಂದ್ರಗಡ, ಈ ಕಡೆಗೆಲ್ಲ. ಈಗ ಗುಂಪಿಗೆ ಫೋನಿಗೆ ಜೋಡಿಸುವ ಸಣ್ಣ ರೇಡಿಯೋ ಸೆಟ್‌ಗಳು ಬಂದಿವೆ. ಅವನ್ನು ಬಳಸುವುದು ಹೇಗೆ ಅಂತ ಒಂದು ಪುಟದ ಕನ್ನಡ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಗುಂಪಿನಲ್ಲಿ ಧಾರವಾಡ, ವಿಜಯಪುರ ಕಡೆಯ ಕಾಕಾ, ಕಾಕುಗಳಿದ್ದಾರೆ. ಕುಂದಾಪುರದಿಂದ ಬಂದು ಇಲ್ಲಿ ಹೋಟೆಲ್ ನಡೆಸುವವರಿದ್ದಾರೆ. ಮೈಸೂರು ಕಡೆಯ ಐಟಿ ಹುಡುಗರಿದ್ದಾರೆ. ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಆಡುವವರೂ ಇದ್ದಾರೆ. ಚೀಟಿ ಇವರೆಲ್ಲರಿಗೂ ಒಂದೇ ಅರ್ಥ ಕೊಡಬೇಕು. ಕೆಲವು ಪದಗಳಲ್ಲಿ ನಿಮ್ಮ ಸಹಾಯ ಬೇಕು.

ಮೊದಲು ವಸ್ತುವಿನ ಬಗ್ಗೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸೆಟ್. ಒಂದು ಆಂಟೆನಾ, ಒಂದು ಬ್ಯಾಟರಿ. ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸಬೇಕು. ಫೋನಿನ ಆ್ಯಪ್‌ನಲ್ಲಿ ಟೈಪ್ ಮಾಡಿದ್ದನ್ನು ಸೆಟ್ ರೇಡಿಯೋ ಅಲೆಯಲ್ಲಿ ಕಳಿಸುತ್ತದೆ. ಅತ್ತ ಕಡೆಯ ಸೆಟ್ ಅದನ್ನು ಹಿಡಿದು ತನ್ನ ಫೋನಿಗೆ ಕೊಡುತ್ತದೆ. ಟವರ್ ಬೇಡ, ಸಿಮ್ ಬೇಡ, ಇಂಟರ್ನೆಟ್ ಬೇಡ. ನಾವು ಎಲ್ಲಿದ್ದೇವೆ ಅನ್ನುವುದೂ ಹಾಗೇ ಹೋಗಿ ಉಳಿದವರ ಮ್ಯಾಪಿನಲ್ಲಿ ಚುಕ್ಕೆಯಾಗಿ ಕಾಣುತ್ತದೆ. 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕ್ ಕಡೆ ಮೊಬೈಲ್ ಟವರ್‌ಗಳು ಕೈಕೊಟ್ಟ ಮೇಲೆ ಅಲ್ಲಿನ ಒಡಹುಟ್ಟಿದವರಿಬ್ಬರು ಗೋಟೆನಾ ಅನ್ನುವ ಸೆಟ್ ಮಾಡಲು ಹೊರಟರು. ಆಮೇಲೆ 2020ರಲ್ಲಿ ಇಂಥ ಸೆಟ್‌ಗಳನ್ನು ನಡೆಸುವ ಮೆಶ್‌ಟಾಸ್ಟಿಕ್ ಅನ್ನುವ ಮುಕ್ತ ತಂತ್ರಾಂಶ ಬಂತು. ನಮ್ಮ ಗುಂಪಿನವು ಈ ಎರಡನೆಯ ಬಗೆಯವು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ರೇಡಿಯೋ ಅಲೆಗಳ ಪಟ್ಟಿಯನ್ನು ಕಡಿಮೆ ಶಕ್ತಿಯ ಸೆಟ್‌ಗಳು ಲೈಸೆನ್ಸ್ ಇಲ್ಲದೆ ಬಳಸಲು 2005ರಲ್ಲೇ ಬಿಟ್ಟಿದ್ದಾರೆ. ಅಮೆರಿಕದ ಸೆಟ್‌ಗಳು 902ರಿಂದ 928ರ ಪಟ್ಟಿಯಲ್ಲಿ ನಡೆಯುತ್ತವೆ. ಅದರಲ್ಲಿ ಒಂದು ಭಾಗ ಇಲ್ಲಿ ಮೊಬೈಲ್ ಕಂಪನಿಗಳದ್ದು. ನೆಂಟರು ಅಲ್ಲಿಂದ ತಂದುಕೊಟ್ಟ ಸೆಟ್ಟನ್ನು ಹಾಗೇ ಇಲ್ಲಿ ಚಾಲೂ ಮಾಡಬಾರದು. ಇದು ಚೀಟಿಯ ಮೊದಲ ಸಾಲು.

ಈಗ ಹೆಸರು. ಎಲ್ಲರ ಬಾಯಲ್ಲಿ ಬರುವುದು ವಾಕಿಟಾಕಿ. ಆದರೆ ವಾಕಿಟಾಕಿ ಅಂದ ಕೂಡಲೇ ಜನ ಗುಂಡಿ ಒತ್ತಿ ಮಾತಾಡಲು ನೋಡುತ್ತಾರೆ. ನಮ್ಮ ಸೆಟ್‌ಗೆ ಮೈಕೂ ಇಲ್ಲ, ಸ್ಪೀಕರೂ ಇಲ್ಲ. ಬರಹ ಮಾತ್ರ. ಮೋಟೊರೋಲಾದ ಟಿ800 ತರಹದ ಸೆಟ್‌ಗಳಲ್ಲಿ ಮಾತೂ ಇದೆ, ಫೋನಿಗೆ ಜೋಡಿಸಿದರೆ ಬರಹವೂ ಇದೆ. ಅವಕ್ಕೆ ವಾಕಿಟಾಕಿ ಅಂದರೆ ತಪ್ಪಿಲ್ಲ. ನಮ್ಮವಕ್ಕೆ ಒಗ್ಗುವುದಿಲ್ಲ. ‘ನಿಸ್ತಂತು’ ಸರ್ಕಾರಿ ಬೋರ್ಡುಗಳಲ್ಲಿ ಚೆನ್ನಾಗಿದೆ. ಬೆಟ್ಟದ ಮೇಲೆ ಯಾರೂ ಹಾಗೆ ಅನ್ನುವುದಿಲ್ಲ. ಮಹಾರಾಷ್ಟ್ರದ ಪೊಲೀಸರು ಇದಕ್ಕೇ ‘ಬಿನತಾರಿ’ ಅನ್ನುತ್ತಾರೆ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಆ ಪದ ಗೊತ್ತು, ಮೈಸೂರಿನವರಿಗೆ ಗೊತ್ತಿಲ್ಲ. ಬಾನುಲಿಯಂಥ ಸೊಗಸಾದ ಪದ ಕಟ್ಟಿದ ಭಾಷೆ ನಮ್ಮದು. ಆದರೆ ಬಾನುಲಿ ಅಂದರೆ ಈಗ ಆಕಾಶವಾಣಿಯ ನೆನಪೇ. ಅಲ್ಲಿ ಒಬ್ಬರು ಹೇಳುತ್ತಾರೆ, ಸಾವಿರ ಜನ ಕೇಳುತ್ತಾರೆ. ಇಲ್ಲಿ ಹೋಗುವುದೂ ಉಂಟು, ಬರುವುದೂ ಉಂಟು. ‘ಉಲಿ’ಯೂ ಇಲ್ಲ. ಸದ್ಯಕ್ಕೆ ನಾನು ‘ಮೆಸೇಜ್ ಸೆಟ್’ ಅಂತ ಬರೆದಿದ್ದೇನೆ. ಎರಡೂ ಇಂಗ್ಲಿಷ್ ಪದಗಳೇ, ಆದರೆ ಕೇಳಿದ ಕೂಡಲೇ ಕೆಲಸ ಏನು ಅಂತ ತಿಳಿಯುತ್ತದೆ.

ಒಂದು ಹೆಸರನ್ನು ಮಾತ್ರ ಖಂಡಿತ ಬೇಡ ಅನ್ನುತ್ತೇನೆ, ಅದು ‘ಸ್ಯಾಟಲೈಟ್ ಸೆಟ್’. ಟವರ್ ಇಲ್ಲದೆ ನಡೆಯುತ್ತದೆ ಅಂದಮೇಲೆ ಉಪಗ್ರಹವೇ ಇರಬೇಕು ಅಂತ ಕೆಲವರು ಹಾಗೆ ಕರೆಯುತ್ತಾರೆ. ಉಪಗ್ರಹದ ಸೆಟ್ ಬೇರೆಯೇ ವಸ್ತು. ಅನುಮತಿ ಇಲ್ಲದೆ ಅದನ್ನು ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಅಂಥ ಸೆಟ್ ಬ್ಯಾಗಿನಲ್ಲಿದ್ದ ವಿದೇಶಿ ಪ್ರಯಾಣಿಕರನ್ನು ಪೊಲೀಸರು ತಡೆದಿದ್ದರು. ಹೆಸರು ತಪ್ಪಿ ಕರೆದರೆ ಸುಮ್ನೆ ತೊಂದರೆ.

ಜೋಡಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಪೇರ್ ಮಾಡು’ ಅಂದರೂ ‘ಜೋಡಿಸು’ ಅಂದರೂ ಎಲ್ಲರಿಗೂ ತಿಳಿಯುತ್ತದೆ. ‘ಜೋಡಿಸು’ ಇಟ್ಟುಕೊಂಡಿದ್ದೇನೆ. ‘ನೆಟ್‌ವರ್ಕ್’ ಪದವನ್ನು ಮಾತ್ರ ಚೀಟಿಯಿಂದ ಪೂರ್ತಿ ತೆಗೆದಿದ್ದೇನೆ. ‘ನೆಟ್‌ವರ್ಕ್ ಇಲ್ಲದಾಗ ಈ ಸೆಟ್‌ಗಳೇ ನೆಟ್‌ವರ್ಕ್ ಆಗುತ್ತವೆ’ ಅಂದರೆ ಯಾರಿಗೆ ಏನು ಅರ್ಥವಾದೀತು? ‘ಟವರ್ ಸಿಗದ ಕಡೆ’ ಅಂತ ಬರೆದರೆ ಗೊಂದಲ ಇಲ್ಲ.

ನನ್ನ ನಿಜವಾದ ತೊಡಕು ಮುಂದಿನದು. ಮೆಸೇಜು ಎಲ್ಲಿಯವರೆಗೆ ಹೋಯಿತು ಅನ್ನುವುದನ್ನು ಹೇಳುವ ಕ್ರಿಯಾಪದಗಳು.

ಈ ಸೆಟ್‌ಗಳು ಮೆಸೇಜನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಮದುವೆ ಊಟದ ಪಂಕ್ತಿಯಲ್ಲಿ ಉಪ್ಪಿನ ಬಟ್ಟಲು ಕೈಯಿಂದ ಕೈಗೆ ಹೋಗುವ ಹಾಗೆ. ರಾಜಗಡದ ಒಂದು ಮಾಚಿಯ (ಕೋಟೆಯ ಕೆಳಹಂತದ ಬಯಲು) ಮೇಲಿರುವವರಿಗೂ ಬುಡದ ಹಳ್ಳಿಯಲ್ಲಿರುವವರಿಗೂ ನಡುವೆ ಗುಡ್ಡ ಅಡ್ಡ ಬಂದರೆ ನೇರವಾಗಿ ಕೇಳುವುದಿಲ್ಲ. ಬಾಲೇಕಿಲ್ಲಾದ (ತುದಿಯ ಒಳಕೋಟೆ) ಮೇಲೆ ಮೂರನೆಯ ಸೆಟ್ ಇದ್ದರೆ ಅದು ಕೇಳಿಸಿಕೊಂಡು ಮುಂದಕ್ಕೆ ಕಳಿಸುತ್ತದೆ. ನಾವೇನೂ ಬದಲಾಯಿಸದಿದ್ದರೆ ಮೆಶ್‌ಟಾಸ್ಟಿಕ್ ಹೀಗೆ ಮೂರು ಸಲ ದಾಟಿಸುತ್ತದೆ. ಬದಲಾಯಿಸಿದರೂ ಏಳಕ್ಕಿಂತ ಜಾಸ್ತಿ ಆಗುವುದಿಲ್ಲ.

ಹಾಗಾಗಿ ಒಂದು ಮೆಸೇಜಿಗೆ ನಾಲ್ಕು ಹಂತಗಳಿವೆ. ನನ್ನ ಫೋನಿನಿಂದ ನನ್ನ ಸೆಟ್‌ಗೆ ಹೋಗಿ ಅಲ್ಲಿಂದ ಹೊರಬಿತ್ತು. ಯಾವುದೋ ಒಂದು ಸೆಟ್ ಅದನ್ನು ಕೇಳಿ ಮುಂದೆ ಕಳಿಸಿತು. ಯಾರಿಗೆ ಬರೆದಿದ್ದೆನೋ ಅವರ ಸೆಟ್‌ಗೇ ಸಿಕ್ಕಿತು. ಕೊನೆಗೆ, ಆ ಮನುಷ್ಯ ಫೋನ್ ತೆಗೆದು ಓದಿದ. ಗುಂಪಿಗೆಲ್ಲ ಕಳಿಸಿದ ಮೆಸೇಜಿಗೆ ಆ್ಯಪ್ ಎರಡನೆಯ ಹಂತದವರೆಗೆ ಮಾತ್ರ ಗುರುತು ತೋರಿಸುತ್ತದೆ. ಒಬ್ಬರಿಗೇ ಬರೆದರೆ ಮೂರನೆಯದೂ ಕಾಣುತ್ತದೆ. ನಾಲ್ಕನೆಯದಕ್ಕೆ ಗುರುತೇ ಇಲ್ಲ. ವಾಟ್ಸ್‌ಆ್ಯಪ್‌ನ ನೀಲಿ ಟಿಕ್ ನೋಡಿ ಅಭ್ಯಾಸವಾದವರಿಗೆ ಇದು ಹೊಳೆಯುವುದಿಲ್ಲ. ಮೆಸೇಜ್ ಪಡೆಯುವವರ ಸೆಟ್ ಬ್ಯಾಗಿನೊಳಗೆ ಚಾಲೂ ಇದ್ದು ಫೋನ್ ಬ್ಯಾಟರಿ ಸತ್ತಿದ್ದರೂ ‘ಸಿಕ್ಕಿದೆ’ ಅಂತಲೇ ಗುರುತು ಬರುತ್ತದೆ.

ನಾವು ದಿನನಿತ್ಯ ಇದೆಲ್ಲಕ್ಕೂ ‘ಹೋಯ್ತು’ ಅಂತೇವೆ. ಮೆಸೇಜ್ ಹೋಯ್ತಾ? ಹೋಯ್ತು. ಕೆಳಗೆ ಕಾಯುವವರು ಅದನ್ನು ‘ಅವರಿಗೆ ಗೊತ್ತಾಯಿತು’ ಅಂತ ತಿಳಿದುಕೊಳ್ಳುತ್ತಾರೆ. ಕಾಲು ಉಳುಕಿದವರನ್ನು ಇಳಿಸಲು ಹಗ್ಗ ಬೇಕು ಅನ್ನುವ ಮೆಸೇಜಿನಲ್ಲಿ ಈ ಎರಡರ ನಡುವಿನ ಅಂತರ ತುಂಬ ದೊಡ್ಡದು. ಅದಕ್ಕೇ ನಾನು ಪ್ರತಿ ಹಂತಕ್ಕೂ ಬೇರೆ ಕ್ರಿಯಾಪದ ಇಡಬೇಕು ಅಂತ ಹಟ ಹಿಡಿದಿದ್ದೇನೆ. ನಾನು ಆರಿಸಿರುವುದು ಇವು. ಮೊದಲನೆಯದಕ್ಕೆ ‘ಹೊರಟಿತು’. ಎರಡನೆಯದಕ್ಕೆ ‘ದಾಟಿತು’. ಮೂರನೆಯದಕ್ಕೆ ‘ಮುಟ್ಟಿತು’. ನಾಲ್ಕನೆಯದನ್ನು ಸೆಟ್ ಹೇಳುವುದಿಲ್ಲ, ಓದಿದ ಮನುಷ್ಯನೇ ಬರೆಯಬೇಕು.

‘ಮುಟ್ಟಿತು’ ಬಗ್ಗೆ ಒಂದು ಅನುಮಾನ ಇದೆ. ಧಾರವಾಡ ಕಡೆ ಕಾಗದ ಮುಟ್ಟುತ್ತದೆ, ಹಣ ಮುಟ್ಟುತ್ತದೆ, ಸುದ್ದಿ ಮುಟ್ಟುತ್ತದೆ. ಕರಾವಳಿಯವರಿಗೂ ಹಾಗೇ. ಮೈಸೂರಿನ ಹುಡುಗರು ‘ತಲುಪಿತು’ ಇರಲಿ ಅನ್ನುತ್ತಾರೆ. ನನಗೆ ಎರಡೂ ಇಷ್ಟ. ಆದರೆ ಎರಡಕ್ಕೂ ಒಂದೇ ತೊಂದರೆ. ಕೋಟೆ ಹತ್ತುವವರು ಮೇಲೆ ಹೋದ ಮೇಲೂ ‘ಮುಟ್ಟಿದೆವು’, ‘ತಲುಪಿದೆವು’ ಅಂತಲೇ ಬರೆಯುತ್ತಾರೆ. ಕ್ರಿಯಾಪದದ ಕೊನೆ ಸರಿಯಾಗಿದ್ದರೆ ಮುಟ್ಟಿದ್ದು ಮೆಸೇಜೋ ಮನುಷ್ಯರೋ ತಿಳಿಯುತ್ತದೆ. ಚಳಿಯಲ್ಲಿ ನಡುಗುವ ಬೆರಳಿನಿಂದ ಬರೀ ‘ಮುಟ್ಟಿದೆ’ ಅಂತ ಬಂದರೆ? ಮೆಸೇಜು ಮುಟ್ಟಿದೆ ಅಂತಲೂ ಓದಬಹುದು, ನಾನು ಮುಟ್ಟಿದೆ ಅಂತಲೂ ಓದಬಹುದು. ಇದನ್ನು ತಪ್ಪಿಸುವ ಪದ ನಿಮ್ಮ ಕಡೆ ಇದೆಯಾ?

ನಾಲ್ಕನೆಯ ಹಂತಕ್ಕೆ ಹಳೆಯ ರೇಡಿಯೋದವರು ‘ರೋಜರ್’ ಅನ್ನುತ್ತಾರೆ. ಕೇಳಿಸಿತು, ಅರ್ಥವಾಯಿತು ಅಂತ ಅದರ ಅರ್ಥ. ಒಪ್ಪಿದೆ ಅಂತ ಅಲ್ಲ. ಹೇಳಿದ್ದನ್ನು ಮಾಡುತ್ತೇನೆ ಅನ್ನಲು ‘ವಿಲ್ಕೋ’ ಅಂತ ಬೇರೆಯೇ ಮಾತಿದೆ. ನಮ್ಮವರು ಎರಡಕ್ಕೂ ‘ಆಯ್ತು’ ಅಂತ ಬರೆಯುತ್ತಾರೆ. ‘ನೀರಿನ ತೊಟ್ಟಿ ಹತ್ತಿರ ಕಾಯಿರಿ’ ಅಂದರೆ ‘ಆಯ್ತು’. ಆ ‘ಆಯ್ತು’ ಒಪ್ಪಿಗೆಯೋ, ಕಾದು ಮುಗಿಯಿತೋ? ‘ಬ್ಯಾಂಡೇಜ್ ಕಟ್ಟಿ’ ಅಂದರೂ ‘ಆಯ್ತು’. ಕಟ್ಟುತ್ತಾರೋ, ಕಟ್ಟಿಯೇ ಬಿಟ್ಟರೋ? ಎದುರಿಗೆ ಇದ್ದರೆ ಮುಖ, ದನಿ ನೋಡಿ ತಿಳಿದುಕೊಳ್ಳುತ್ತೇವೆ. ಬರಹದಲ್ಲಿ ಆ ಅನುಕೂಲ ಇಲ್ಲ. ‘ಸರಿ’ಯೂ ‘ಹ್ಞೂಂ’ ಕೂಡ ಹೀಗೇ. ಅದಕ್ಕೆ ಚೀಟಿಯಲ್ಲಿ ‘ಆಯ್ತು ಬರೆಯಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಓದಿ ಅರ್ಥವಾದರೆ ‘ತಿಳಿಯಿತು’. ಮಾಡುವುದಿದ್ದರೆ ‘ಮಾಡ್ತೇವೆ’. ಮುಗಿದಿದ್ದರೆ ‘ಮಾಡಿದೆವು’. ವಿಜಯಪುರದ ಕಾಕು ‘ತಿಳೀತು’ ಅಂತ ಬರೆದರೂ ಕುಂದಾಪುರದವರಿಗೆ ಅರ್ಥವಾಗುತ್ತದೆ ಅಲ್ವಾ?

ಜಾಗದ ಚುಕ್ಕೆಯ ಬಗ್ಗೆ ಇನ್ನೊಂದು ಪ್ರಶ್ನೆ. ‘ಲೊಕೇಶನ್ ಕಳಿಸು’ ಈಗ ಕನ್ನಡದ್ದೇ ಆಗಿಹೋಗಿದೆ, ಅದನ್ನು ಬದಲಿಸುವ ಆಸೆ ನನಗಿಲ್ಲ. ‘ಠಿಕಾಣಿ’ ಒಳ್ಳೆಯ ಪದ, ಪುಣೆಯಲ್ಲಂತೂ ಮರಾಠಿಯ ‘ಠಿಕಾಣ’ ದಿನಾ ಕಿವಿಗೆ ಬೀಳುತ್ತದೆ. ಆದರೆ ಕನ್ನಡದಲ್ಲಿ ಠಿಕಾಣಿ ಹೂಡುವುದು ಅಂದರೆ ಒಂದು ಕಡೆ ಬೀಡುಬಿಡುವುದು. ‘ನೆಲೆ’ಯೂ ಹಾಗೇ. ಇವೆರಡೂ ನಿಂತ ಜಾಗದ ಪದಗಳು. ನಮ್ಮವರೋ ನಡೆಯುತ್ತಲೇ ಇರುತ್ತಾರೆ.

ಚುಕ್ಕೆ ಹಳೆಯದಾಗಿರಬಹುದು ಅನ್ನುವುದೇ ಇಲ್ಲಿ ಮುಖ್ಯ. ಸೆಟ್ ತಾನಿರುವ ಜಾಗವನ್ನು ಕ್ಷಣಕ್ಷಣಕ್ಕೂ ಕಳಿಸುವುದಿಲ್ಲ. ನಡುವೆ ಬಿಡುವು ಕೊಟ್ಟು ಕಳಿಸುತ್ತದೆ. ಕಣಿವೆಗೆ ಇಳಿದು ಮರೆಯಾದರೆ ಚುಕ್ಕೆ ಕೊನೆಯ ಜಾಗದಲ್ಲೇ ನಿಂತುಬಿಡುತ್ತದೆ. ಅದನ್ನು ನೋಡಿ ‘ಇಲ್ಲಿದ್ದಾರೆ’ ಅನ್ನಬಾರದು, ‘ಇಲ್ಲಿದ್ದರು’ ಅನ್ನಬೇಕು. ಕೊನೆಯ ಈ ಎರಡು ಅಕ್ಷರಗಳಲ್ಲಿ ಹುಡುಕುವವರು ಯಾವ ದಾರಿ ಹಿಡಿಯಬೇಕು ಅನ್ನುವುದು ನಿಂತಿದೆ. ಹಾಗಾಗಿ ಚೀಟಿಯಲ್ಲಿ ‘ಲೊಕೇಶನ್’ ಅಂತ ಎಲ್ಲೂ ಬಿಡಿಯಾಗಿ ಬರೆದಿಲ್ಲ. ‘ಕೊನೆಗೆ ಕಂಡ ಜಾಗ’ ಅಂತಲೇ ಬರೆದಿದ್ದೇನೆ, ಪಕ್ಕದಲ್ಲಿ ಹೊತ್ತು ಎಷ್ಟು ಅಂತ ನೋಡಲು ಹೇಳಿದ್ದೇನೆ. ಇದಕ್ಕಿಂತ ಚಿಕ್ಕದಾಗಿ ಹೇಳುವ ದಾರಿ ಇದ್ದರೆ ತಿಳಿಸಿ.

ಚಿಕ್ಕದು ಬೇಕು ಅನ್ನಲು ಕಾರಣವಿದೆ. ಒಂದು ಮೆಸೇಜಿಗೆ ಇಲ್ಲಿ 200 ಚಿಲ್ಲರೆ ಬೈಟ್ ಮಾತ್ರ ಸಿಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಗುಣಿತದ ಗುರುತಿಗೆ ಬೇರೆ, ಒತ್ತಿಗೆ ಬೇರೆ. ‘ನಿಸ್ತಂತು’ ಅಂತ ಬರೆದರೆ 24 ಬೈಟ್ ಹೋಯಿತು. ‘ಬಂತು’ ಅಂದರೆ 12. ಲೆಕ್ಕ ಹಾಕಿದರೆ ಒಂದು ಮೆಸೇಜಿಗೆ ಎಂಟು ಹತ್ತು ಕನ್ನಡ ಪದ ಅಷ್ಟೇ. ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಜಾಗ ಉಳಿಸೋಣ ಅನ್ನುತ್ತಾರೆ. ಹಿರಿಯರಿಗೆ ಅದನ್ನು ಓದುವುದು ಕಷ್ಟ. ನಾನಂತೂ ಕನ್ನಡ ಅಕ್ಷರವನ್ನೇ ಇಟ್ಟುಕೊಂಡು ಪದಗಳನ್ನು ಚಿಕ್ಕದು ಮಾಡುವ ಪರ. ಒತ್ತಕ್ಷರ ಕಡಿಮೆ ಇರುವ ಪದ ಸಿಕ್ಕರೆ ಅದೇ ಮೇಲು.

ನಿಮ್ಮಿಂದ ಬೇಕಾಗಿರುವುದು ಇಷ್ಟು. ನಿಮ್ಮ ಊರಿನಲ್ಲಿ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಕಳಿಸಿದ ಸುದ್ದಿ ಸಿಕ್ಕಿತು ಅನ್ನಲು ಯಾವ ಕ್ರಿಯಾಪದ ಬಳಸುತ್ತಾರೆ? ದೋಣಿಯವರು, ಕಾಡು ಕಾಯುವವರು, ರೈಲ್ವೆಯಲ್ಲಿ ಕೆಲಸ ಮಾಡಿದವರು ಮನೆಯಲ್ಲಿದ್ದರೆ ಅವರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು. ‘ದಾಟಿತು’ ಅಂದರೆ ‘ಇನ್ನೂ ಮುಟ್ಟಿಲ್ಲ’ ಅಂತ ನಿಮಗೆ ತಾನಾಗಿ ಹೊಳೆಯುತ್ತದೆಯೋ ಇಲ್ಲವೋ ಹೇಳಿ. ಹೊಳೆಯದಿದ್ದರೆ ಆ ಪದವನ್ನು ಬಿಟ್ಟು ಬೇರೆ ಹುಡುಕುತ್ತೇನೆ. ಮಳೆ ಹಿಡಿಯುವ ಮುಂಚೆ ಚೀಟಿ ಅಚ್ಚಾಗಬೇಕು.