ಟೈಟಾನಿಯಂ ಪುಡಿ ಉಸಿರಲ್ಲಿ ಹೋದರೆ ಏನಾಗುತ್ತದೆ?

ಮಿಕ್ಸರ್ ಆಪರೇಟರ್, ದಾವಣಗೆರೆ

ಪಿವಿಸಿ ಪೈಪ್ ಫ್ಯಾಕ್ಟರಿಯಲ್ಲಿ ಆರು ವರ್ಷದಿಂದ ಮಿಕ್ಸರ್ ಹತ್ತಿರ ಇದ್ದೇನೆ. ರೆಸಿನ್, ಕ್ಯಾಲ್ಸಿಯಂ, ಬಿಸಿಗೆ ಪಿವಿಸಿ ಕೆಡದಂತೆ ಹಾಕುವ ಸ್ಟೆಬಿಲೈಸರ್, ಬಿಳುಪಿಗೆ ಹಾಕುವ ಟೈಟಾನಿಯಂ (ಟೈಟಾನಿಯಂ ಡೈಆಕ್ಸೈಡ್ ಪುಡಿ) ಎಲ್ಲ ತೂಗಿ ಸುರಿಯುವವನು ನಾನೇ. ಟೈಟಾನಿಯಂ 25 ಕೆಜಿ ಚೀಲ. ಬಾಯಿ ಬಿಚ್ಚಿದರೆ ಸಾಕು, ಹೊಗೆಯ ಹಾಗೆ ಏಳುತ್ತದೆ. ಶಿಫ್ಟ್ ಮುಗಿಯುವಷ್ಟರಲ್ಲಿ ಹುಬ್ಬು ಬೆಳ್ಳಗೆ, ಸಿಂಬಳವೂ ಬೆಳ್ಳಗೆ. ಮನೆಗೆ ಹೋದರೆ ಮಗಳು ಓಡಿಬಂದು ಕಾಲು ತಬ್ಬುತ್ತಾಳೆ. ಅವಳ ಅಂಗೈಗೂ ಬಿಳಿ ಹತ್ತುತ್ತದೆ. ಈಗ ಒಂದು ತಿಂಗಳಿಂದ ಒಣ ಕೆಮ್ಮು. ಟೈಟಾನಿಯಂನಿಂದ ಕ್ಯಾನ್ಸರ್ ಅಂತ ಮೊಬೈಲಲ್ಲಿ ಓದಿದೆ. ನಿಜವಾ? ಸಾಲ ಇದೆ, ಕೆಲಸ ಬಿಡುವ ಹಾಗಿಲ್ಲ.

ಹಳೇ ಪೇಂಟರ್, ಚಿತ್ರದುರ್ಗ

ಹೆದರಬೇಡ ತಮ್ಮಾ. ಗೋಡೆಯ ಪೇಂಟು, ಟೂತ್‌ಪೇಸ್ಟು, ಎಲ್ಲದರ ಬಿಳುಪೂ ಅದೇ. ಮೈಗೆ ಹತ್ತಿದರೆ ಚರ್ಮದ ಒಳಗೆ ಇಳಿಯುವುದಿಲ್ಲ.

ಸೇಫ್ಟಿ ಕೆಲಸ, ಹರಿಹರ

ಚರ್ಮದ ಮಾತು ಸರಿ ಅಣ್ಣಾ. ಉಸಿರಿನ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು 2ಬಿ ಗುಂಪಿನಲ್ಲಿಟ್ಟಿದೆ. ಅಂದರೆ ‘ತರಬಹುದು’ ಎಂಬ ಅನುಮಾನ. ಇಲಿಗಳಿಗೆ ಎರಡು ವರ್ಷ ದಟ್ಟ ಧೂಳು ಉಸಿರಾಡಿಸಿದಾಗ ಶ್ವಾಸಕೋಶದಲ್ಲಿ ಗೆಡ್ಡೆ ಬಂದವು. ಕಾರ್ಮಿಕರಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಕಾರ್ಮಿಕರ ಆರೋಗ್ಯ, ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯಾಶ್ ಸಂಸ್ಥೆ 2011ರಲ್ಲಿ ಶಿಫ್ಟಿನ ಸರಾಸರಿ ಮಿತಿ ಹೇಳಿತು: ಒಂದು ಘನ ಮೀಟರ್ ಗಾಳಿಗೆ 2.4 ಮಿಲಿಗ್ರಾಂ, ಅತಿ ಸಣ್ಣ ಕಣವಾದರೆ 0.3. ಹುಬ್ಬು ಬೆಳ್ಳಗಾಗುವಷ್ಟು ಧೂಳು ಯಾವ ಪುಡಿಯದ್ದಾದರೂ ಒಳ್ಳೆಯದಲ್ಲ.

ಆದರೆ ನನಗೆ ಜಾಸ್ತಿ ಚಿಂತೆ ನಿಮ್ಮ ಸ್ಟೆಬಿಲೈಸರ್‌ದು. ಅದೂ ಬಿಳಿ ಪುಡಿಯೇ ಅಲ್ವಾ? ಹಳೇ ಥರದ್ದಾದರೆ ಅದರಲ್ಲಿ ಸೀಸ ಇರುತ್ತದೆ. ಸೀಸ ರಕ್ತಕ್ಕೆ ಸೇರುತ್ತದೆ, ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಪಿವಿಸಿ ಪೈಪಿನಲ್ಲಿ ಸೀಸ ಕಡಿಮೆ ಮಾಡಲು ಕೇಂದ್ರ ಸರ್ಕಾರ 2021ರಲ್ಲೇ ನಿಯಮ ತಂದಿದೆ. ದಯವಿಟ್ಟು ಚೀಲದ ಮೇಲೆ ಏನಿದೆ ಓದಿ.

ಮುಖಕ್ಕೆ ಟವೆಲ್ ಸಾಲದು, ಎನ್‌95 ಮಾಸ್ಕ್ ಬಿಗಿಯಾಗಿ ಹಾಕಿ. ಖಾಲಿ ಚೀಲ ಝಾಡಿಸಬೇಡಿ. ಕಂಪ್ರೆಸರ್ ಗಾಳಿಯಲ್ಲಿ ಬಟ್ಟೆ ಊದಿಕೊಳ್ಳಲೇಬೇಡಿ. ಇಎಸ್‌ಐ ಕಾರ್ಡ್ ಇದ್ದರೆ ಎದೆಯ ಎಕ್ಸ್‌ರೇ, ಊದಿಸಿ ನೋಡುವ ಪರೀಕ್ಷೆ, ರಕ್ತದ ಸೀಸ ಮೂರನ್ನೂ ಕೇಳಿ. ಯಾವ ಪುಡಿ ಹತ್ತಿರ ಕೆಲಸ ಅಂತ ಡಾಕ್ಟರಿಗೆ ಹೇಳಿ.

ಮಿಕ್ಸರ್ ಆಪರೇಟರ್, ದಾವಣಗೆರೆ

ಅಣ್ಣಾ, ರಾತ್ರಿ ಶಿಫ್ಟಲ್ಲಿ ಸ್ಟೆಬಿಲೈಸರ್ ಚೀಲ ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ‘ಲೆಡ್’ ಅಂತ ಇದೆ, ಅಂದರೆ ಸೀಸವೇ. ಇಷ್ಟು ವರ್ಷ ಅದನ್ನು ಬರಿಗೈಯಲ್ಲೇ ತೂಗಿದ್ದೇನೆ. ಇವತ್ತು ಫ್ಯಾಕ್ಟರಿಯಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಬಂದೆ. ನಾಳೆ ನನ್ನ ರಕ್ತ ಕೊಡುತ್ತೇನೆ. ಮಗಳಿಗೆ ನಾಲ್ಕು ವರ್ಷ. ಅವಳದ್ದೂ ತೆಗೆಸಬೇಕಾ?

ಸೇಫ್ಟಿ ಕೆಲಸ, ಹರಿಹರ

ತೆಗೆಸಿ. ನಾಳೆಯೇ ಜೊತೆಗೆ ಕರೆದುಕೊಂಡು ಹೋಗಿ.