ಇಳಿಜಾರಿನಲ್ಲಿ ಮಗನ ಸೈಕಲ್ ನಿಲ್ಲುತ್ತಿಲ್ಲ, ಬ್ರೇಕ್ ರಬ್ಬರ್ ಬದಲಿಸಿದರೆ ಸಾಕಾ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಾವಿರುವುದು ತೀರ್ಥಹಳ್ಳಿ ಕಡೆ. ಮಗನಿಗೆ 12 ವರ್ಷ, ಏಳನೇ ಕ್ಲಾಸು. ಸೈಕಲ್ 24 ಇಂಚಿನದು, ಗೇರ್ ಇಲ್ಲ, ಸ್ಟೀಲ್ ರಿಮ್, ಎರಡೂ ಚಕ್ರಕ್ಕೆ ವಿ-ಬ್ರೇಕ್ (ಚಕ್ರದ ಎರಡೂ ಬದಿಯಿಂದ ಎರಡು ಲೋಹದ ಕೈಗಳು ರಬ್ಬರನ್ನು ರಿಮ್ಮಿಗೆ ಒತ್ತುವಂಥದ್ದು). ಬೇಸಿಗೆ ರಜೆಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದು. ಡಬ್ಬದಲ್ಲಿ ಅರ್ಧ ಬಿಚ್ಚಿಟ್ಟ ಹಾಗೆ ಬಂತು. ಪಕ್ಕದ ಮನೆ ಹುಡುಗನ ಜೊತೆ ಸೇರಿ ನಾವೇ ಜೋಡಿಸಿದೆವು.

ಮನೆಯಿಂದ ಟಾರ್ ರಸ್ತೆವರೆಗೆ ಸುಮಾರು 200 ಮೀಟರ್ ಇಳಿಜಾರು. ಕೊನೆಗೆ ತಿರುವು, ಅದರಾಚೆ ಬಸ್ಸು ಓಡಾಡುವ ರಸ್ತೆ. ನಿನ್ನೆ ಬೆಳಿಗ್ಗೆ ಒಳ್ಳೆ ಜಡಿಮಳೆ. ಎರಡೂ ಬ್ರೇಕ್ ಒತ್ತಿದರೂ ಸೈಕಲ್ ನಿಲ್ಲಲಿಲ್ಲವಂತೆ. ಕಾಲು ನೆಲಕ್ಕೆ ಊರಿ ಉಜ್ಜಿಕೊಂಡು ಬಂದು, ಕೊನೆಗೆ ಬೇಲಿಗೆ ನುಗ್ಗಿಸಿ ನಿಲ್ಲಿಸಿದ್ದಾನೆ. ಮೊಣಕೈ ತರಚಿದೆ, ಚಪ್ಪಲಿ ಅಟ್ಟೆ ಸವೆದಿದೆ, ಅಷ್ಟೇ. ಆ ಬೇಲಿ ಇಲ್ಲದೇ ಹೋಗಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಸೈಕಲ್ ಅಂಗಡಿ 14 ಕಿಲೋಮೀಟರ್ ದೂರ. ಬ್ರೇಕ್ ರಬ್ಬರ್ ತರಿಸಿ ನಾನೇ ಹಾಕಿದರೆ ಸರಿ ಹೋಗುತ್ತದಾ?

ಸಂಜೆಸವಾರಿ:
ಸ್ಟೀಲ್ ರಿಮ್ ಅಲ್ವಾ, ಮಳೆಯಲ್ಲಿ ಹಾಗೇ ಆಗುವುದು. ಹೊಸ ರಬ್ಬರ್ ಹಾಕಿ, ವೈರ್ ಸ್ವಲ್ಪ ಟೈಟ್ ಮಾಡಿ. ಸರಿ ಹೋಗುತ್ತದೆ.

ಹಳೇಪಂಪು:
ಅಕ್ಕಾ, ಮೊದಲು ಒಂದು ಮಾತು. ಇದು ಸರಿಯಾಗುವ ತನಕ ಸೈಕಲ್ ಮುಟ್ಟಿಸಬೇಡಿ. ಸಮತಟ್ಟು ರಸ್ತೆಯಲ್ಲೂ ಬೇಡ.

ನಾನು ಶಿವಮೊಗ್ಗದಲ್ಲಿ 22 ವರ್ಷ ಸೈಕಲ್ ರಿಪೇರಿ ಮಾಡಿದವನು. ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿತ ಕಮ್ಮಿ ಆಗುತ್ತದೆ, ನಿಜ. ಅಲ್ಯೂಮಿನಿಯಂ ರಿಮ್ ಅದಕ್ಕಿಂತ ಎಷ್ಟೋ ಮೇಲು. ಆದರೆ ನಾಲ್ಕೇ ತಿಂಗಳ ಸೈಕಲ್‌ನಲ್ಲಿ ಎರಡೂ ಬ್ರೇಕ್ ಒಟ್ಟಿಗೆ ಕೈ ಕೊಡುವುದಕ್ಕೆ ಅದೊಂದೇ ಕಾರಣ ಅಂತ ನನಗೆ ಅನ್ನಿಸುತ್ತಿಲ್ಲ. ಏನೂ ಖರ್ಚು ಮಾಡುವ ಮೊದಲು ಇಷ್ಟು ನೋಡಿ ಹೇಳಿ.

ಒಂದು, ಬಲಗೈಯ ಬ್ರೇಕ್ ಯಾವ ಚಕ್ರಕ್ಕೆ ಹೋಗಿದೆ? ಅಂದಾಜು ಬೇಡ, ವೈರಿನ ಜಾಡು ಹಿಡಿದು ನೋಡಿ. ಎರಡು, ಒಂದೊಂದೇ ಲಿವರ್ ಪೂರ್ತಿ ಒತ್ತಿ. ಲಿವರ್‌ಗೂ ಹ್ಯಾಂಡಲ್ ಹಿಡಿಕೆಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ? ಮೂರು, ಬ್ರೇಕ್ ಒತ್ತಿ ಹಿಡಿದು ಸೈಕಲ್ ತಳ್ಳಿದರೆ ಏನಾಗುತ್ತದೆ? ನಾಲ್ಕು, ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿದಾಗ ವೈರ್ ಎಳೆಯುತ್ತದಾ? ಐದನೆಯದು ಬಹಳ ಮುಖ್ಯ. ಸೀಟಿನ ಮೇಲೆ ಕೂತವರ ಕಣ್ಣಲ್ಲಿ ನೋಡಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಇದೆಯಲ್ಲ, ಬ್ರೇಕ್ ಕೈಗಳು ಅದರ ಮುಂದುಗಡೆ ಇವೆಯೋ, ನಮ್ಮ ಕಡೆಗೆ ಇವೆಯೋ?

ತೋಟದಮನೆ:
ಅಣ್ಣಾ, ಎಲ್ಲ ನೋಡಿದೆ. ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅದು ಒತ್ತಿದರೆ ಲಿವರ್ ಹಿಡಿಕೆಗೇ ತಾಗುತ್ತದೆ, ರಬ್ಬರ್ ರಿಮ್ಮಿಗೆ ಸುಮ್ನೆ ಮುಟ್ಟುತ್ತದೆ ಅಷ್ಟೇ. ಎಡಗೈದು ಗಟ್ಟಿಯಾಗಿ ನಿಲ್ಲುತ್ತದೆ, ಎರಡು ಬೆರಳು ಜಾಗ ಉಳಿಯುತ್ತದೆ. ಆದರೂ ತಳ್ಳಿದರೆ ಹಿಂದಿನ ಚಕ್ರ ಜಾರಿಕೊಂಡು ಉರುಳುತ್ತದೆ.

ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಮುಂದಿನ ವೈರ್ ಎಳೆದು ಬ್ರೇಕ್ ತಾನಾಗಿಯೇ ಹಿಡಿಯುತ್ತಿತ್ತು. ಅದಕ್ಕೇ ಜೋಡಿಸಿದ ದಿನ ವೈರ್ ಸಡಿಲ ಬಿಟ್ಟಿದ್ದೆವು. ಬ್ರೇಕ್ ಕೈಗಳು ಫೋರ್ಕ್‌ನ ನಮ್ಮ ಕಡೆಗೆ ಇವೆ.

ಇನ್ನೊಂದು. ತಿರುವಿನಲ್ಲಿ ಮಗನ ಕಾಲ ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದಂತೆ. ಉದ್ದ ಬೆಳೆಯುತ್ತಿದ್ದಾನೆ, ಸೈಕಲ್ ಸಣ್ಣದಾಯಿತು ಅಂದುಕೊಂಡಿದ್ದೆ.

ಹಳೇಪಂಪು:
ಅಲ್ಲೇ ಇದೆ ನೋಡಿ. ನಿಮ್ಮ ಸೈಕಲ್‌ನ ಫೋರ್ಕ್ ಹಿಂದು ಮುಂದಾಗಿದೆ.

ಡಬ್ಬದಲ್ಲಿ ಬರುವಾಗ ಜಾಗ ಉಳಿಸಲು ಹ್ಯಾಂಡಲ್ ಕಳಚಿ, ಫೋರ್ಕ್ ತಿರುಗಿಸಿ ಇಟ್ಟಿರುತ್ತಾರೆ. ಮನೆಯಲ್ಲಿ ಜೋಡಿಸುವವರು ಅದನ್ನು ಮುಂದಕ್ಕೆ ತಿರುಗಿಸದೆ ಹ್ಯಾಂಡಲ್ ಕೂರಿಸಿಬಿಡುತ್ತಾರೆ. ಚಕ್ರ ತಿರುಗುತ್ತದೆ, ಸೈಕಲ್ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಸೈಕಲ್ ಎಷ್ಟೋ ನೋಡಿದ್ದೇನೆ, ಅದರಲ್ಲೂ ಮಕ್ಕಳದ್ದೇ ಜಾಸ್ತಿ. ಜೋಡಿಸಿದ ಹುಡುಗನನ್ನು ಬೈಯಬೇಡಿ. ತೋರಿಸಿಕೊಡುವವರಿಲ್ಲದಿದ್ದರೆ ಯಾರಿಗೂ ಆಗುವ ತಪ್ಪು.

ಫೋರ್ಕ್‌ನ ತುದಿ ಸ್ವಲ್ಪ ಮುಂದಕ್ಕೆ ಚಾಚಿರಬೇಕು. ಹಿಂದು ಮುಂದಾದರೆ ಚಕ್ರ ಎರಡು ಮೂರು ಇಂಚು ಪೆಡಲ್ ಕಡೆಗೆ ಬಂದು ಬಿಡುತ್ತದೆ. ಅದಕ್ಕೇ ಕಾಲು ತಾಗುವುದು. ಇಳಿಜಾರಿನ ಕೊನೆ ತಿರುವಿನಲ್ಲಿ ಕಾಲು ಚಕ್ರಕ್ಕೆ ಸಿಕ್ಕಿದರೆ ಬ್ರೇಕ್ ಇದ್ದೂ ಪ್ರಯೋಜನವಿಲ್ಲ. ಬ್ರೇಕ್ ವೈರ್ ಕೂಡ ಸುತ್ತಿಕೊಂಡು ಹಿಂದಕ್ಕೆ ಹೋಗಬೇಕಾಗುತ್ತದೆ, ಉದ್ದ ಸಾಲುವುದಿಲ್ಲ. ಹಾಗಾಗಿ ತಿರುಗಿಸಿದಾಗ ಎಳೆಯುತ್ತಿತ್ತು, ಎಳೆಯುತ್ತದೆ ಅಂತ ನೀವು ಸಡಿಲ ಬಿಟ್ಟಿರಿ, ಸಡಿಲ ಬಿಟ್ಟಿದ್ದಕ್ಕೆ ಮುಂದಿನ ಬ್ರೇಕೇ ಇಲ್ಲದ ಹಾಗಾಯಿತು. ನಾಲ್ಕು ತಿಂಗಳಿಂದ ಮಗು ಹಿಂದಿನ ಬ್ರೇಕ್ ಒಂದರಲ್ಲೇ ಓಡಿಸಿದ್ದಾನೆ.

ಈಗ ಆ ಹಿಂದಿನದು. ಲಿವರ್ ಗಟ್ಟಿ ಇದ್ದೂ ಚಕ್ರ ಜಾರುತ್ತಿದೆ ಅಂದರೆ ವೈರ್ ಸರಿ ಇದೆ, ರಬ್ಬರ್‌ಗೂ ರಿಮ್ಮಿಗೂ ನಡುವೆ ಏನೋ ಇದೆ. ಬ್ರೇಕ್ ಕಿರ್ ಅನ್ನುತ್ತದೆ ಅಂತ ಯಾರಾದರೂ ಎಣ್ಣೆ ಬಿಟ್ಟಿದ್ದಾರಾ, ಕೇಳಿ.

ತೋಟದಮನೆ:
ಕೇಳಿದೆ. ಮಗನೇ ಬಿಟ್ಟಿದ್ದಾನೆ. ಮಳೆ ಶುರುವಾದ ಮೇಲೆ ಹಿಂದಿನ ಬ್ರೇಕ್ ಕಿರುಚುತ್ತಿತ್ತು, ಸ್ನೇಹಿತರು ನಗುತ್ತಿದ್ದರಂತೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ರಬ್ಬರ್ ಮೇಲೆ ಬಿಟ್ಟು, ರಿಮ್ಮಿಗೂ ಬಟ್ಟೆಯಲ್ಲಿ ಒರೆಸಿದ್ದಾನೆ. ಮೂಸಿ ನೋಡಿದೆ, ಈಗಲೂ ವಾಸನೆ ಇದೆ. ಹೇಳುವಾಗ ಅಳು ಬಂತು ಅವನಿಗೆ.

ಹಳೇಪಂಪು:
ಪಾಪ, ಬೈಯಬೇಡಿ. ಸದ್ದು ಬಂದರೆ ಎಣ್ಣೆ ಬಿಡುವುದು ದೊಡ್ಡವರನ್ನು ನೋಡಿ ಕಲಿತದ್ದು. ಚೈನಿಗೆ ಎಣ್ಣೆ ಬೇಕು, ರಿಮ್ಮಿಗೆ ಒಂದು ತೊಟ್ಟೂ ಬೇಡ ಅಂತ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಈ ಕೆಲಸ ಅವನ ಕೈಯಲ್ಲೇ ಮಾಡಿಸಿ.

ಪಾತ್ರೆ ತೊಳೆಯುವ ಸೋಪು, ಬಿಸಿ ನೀರು ಹಾಕಿ ರಿಮ್ಮಿನ ಎರಡೂ ಬದಿ ತಿಕ್ಕಿ. ಒಂದು ಸಲಕ್ಕೆ ಹೋಗುವುದಿಲ್ಲ, ಎರಡು ಮೂರು ಸಲ ತಿಕ್ಕಬೇಕು. ಒಣಗಿದ ಮೇಲೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಬಟ್ಟೆ ಜಿಡ್ಡಾಗಬಾರದು. ಹಿಂದಿನ ರಬ್ಬರ್ ಮಾತ್ರ ಹೊಸದು ಹಾಕಿ. ಎಣ್ಣೆ ಕುಡಿದ ರಬ್ಬರನ್ನು ಮರಳು ಕಾಗದದಲ್ಲಿ ತಿಕ್ಕಿ ಬಳಸುವವರಿದ್ದಾರೆ, ಆದರೆ ನಿಮ್ಮ ಇಳಿಜಾರಿಗೆ ಆ ಲೆಕ್ಕ ಬೇಡ. ಹೊಸ ರಬ್ಬರ್ ರಿಮ್ಮಿಗೆ ಪೂರ್ತಿ ಕೂರಬೇಕು. ಮೇಲೆ ಹೋಗಿ ಟೈರಿಗೆ ತಾಗಿದರೆ ಟೈರ್ ಕೊಯ್ಯುತ್ತದೆ. ಕೆಳಗೆ ಇಳಿದರೆ ಒತ್ತಿದಾಗ ರಿಮ್ ತಪ್ಪಿ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಫೋರ್ಕ್ ತಿರುಗಿಸುವುದು ಹೀಗೆ. ಮುಂದಿನ ಬ್ರೇಕ್‌ನ ಬಾಗಿದ ಸ್ಟೀಲ್ ಕೊಳವೆಯನ್ನು ಅದರ ಗೂಡಿನಿಂದ ಬಿಡಿಸಿ. ಎರಡೂ ಬ್ರೇಕ್ ಕೈ ಒತ್ತಿ ಹಿಡಿದರೆ ಬರುತ್ತದೆ. ಹ್ಯಾಂಡಲ್ ಕಂಬದ ತಲೆಯಲ್ಲಿ ಒಂದು ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ತೂತಿರುವುದು) ಇರುತ್ತದೆ, ಹೆಚ್ಚಾಗಿ 6 ಮಿಲಿಮೀಟರ್ ಕೀಲಿಯದ್ದು. ಮೂರು ನಾಲ್ಕು ಸುತ್ತು ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ. ಬೋಲ್ಟ್ ಮೇಲೆ ಮರದ ತುಂಡಿಟ್ಟು ಒಂದು ಏಟು ಹಾಕಿದರೆ ಒಳಗಿನ ಬೆಣೆ ಬಿಡುತ್ತದೆ. ಆಮೇಲೆ ಹ್ಯಾಂಡಲ್ ಹಿಡಿದುಕೊಂಡು ಚಕ್ರದ ಸಮೇತ ಫೋರ್ಕ್‌ನ್ನು ಅರ್ಧ ಸುತ್ತು ತಿರುಗಿಸಿ. ಬ್ರೇಕ್ ಕೈಗಳು ಮುಂದೆ ಬಂದವಾ? ಸರಿ. ಚಕ್ರ ನೇರ ಮಾಡಿ ಬೋಲ್ಟ್ ಬಿಗಿ ಮಾಡಿ.

ಚಕ್ರದ ನಟ್ ಹತ್ತಿರವೂ ಕಣ್ಣು ಹಾಕಿ. ಕೊಕ್ಕೆ ಇರುವ ವಾಷರ್ ಇದ್ದರೆ ಅದರ ಕೊಕ್ಕೆ ಫೋರ್ಕ್‌ನ ತೂತಿನೊಳಗೆ ಕೂತಿರಬೇಕು. ನಟ್ ಸಡಿಲವಾದರೂ ಚಕ್ರ ಕಳಚಿ ಬೀಳದಂತೆ ತಡೆಯುವುದು ಅದೇ. ಮಡ್‌ಗಾರ್ಡ್ ಹಾಕಿದ್ದರೆ ಅದೂ ತಿರುಗಿರುತ್ತದೆ, ಉದ್ದದ ತುದಿ ಹಿಂದೆ ಬರುವ ಹಾಗೆ ಬಿಚ್ಚಿ ಹಾಕಿ.

ಅಪ್ಪ_ಮೈಸೂರು:
ಹ್ಯಾಂಡಲ್ ಸಡಿಲ ಮಾಡುತ್ತಿದ್ದೀರಲ್ಲ, ದಯವಿಟ್ಟು ಒಂದು ಗೆರೆ ನೋಡಿ. ಹ್ಯಾಂಡಲ್ ಕಂಬದ ಮೇಲೂ ಸೀಟ್ ಕಂಬದ ಮೇಲೂ ಒಂದೊಂದು ಅಡ್ಡ ಗೆರೆ ಕೆತ್ತಿರುತ್ತಾರೆ. ಆ ಗೆರೆ ಒಳಗೆ ಮುಳುಗಿರಬೇಕು, ಕಣ್ಣಿಗೆ ಕಾಣಬಾರದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಗಳು ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದಳು. ಹೊಸ ಸೈಕಲ್ ಯಾಕೆ ಅಂತ ಹ್ಯಾಂಡಲ್, ಸೀಟು ಎರಡನ್ನೂ ಎತ್ತರಿಸಿಕೊಟ್ಟೆ. ಒಂದು ದಿನ ಮನೆ ಮುಂದಿನ ಹಂಪ್ ಮೇಲೆ ಹ್ಯಾಂಡಲ್ ಕಿತ್ತು ಅವಳ ಕೈಗೇ ಬಂತು. ಮುಂದಿನ ಹಲ್ಲು ಅರ್ಧ ಮುರಿಯಿತು. ಬಿಚ್ಚಿ ನೋಡಿದರೆ ಕಂಬ ಒಳಗಿದ್ದದ್ದು ಬರೀ ಒಂದು ಇಂಚು. ಗೆರೆ ನನ್ನ ಕಣ್ಣೆದುರೇ ಇತ್ತು, ಅದರ ಅರ್ಥ ಗೊತ್ತಿರಲಿಲ್ಲ.

ಹಳೇಪಂಪು:
ಸಾರ್ ಹೇಳಿದ್ದು ನೂರಕ್ಕೆ ನೂರು ಸರಿ. ಗೆರೆ ಅಳಿಸಿಹೋಗಿದ್ದರೆ ಕಡೇ ಪಕ್ಷ ಎರಡೂವರೆ ಇಂಚು ಒಳಗಿರಲಿ. ಅಷ್ಟು ಇಳಿಸಿದರೆ ಸೈಕಲ್ ಗಿಡ್ಡವಾಗುತ್ತದೆ ಅಂದರೆ ಮಗುವಿಗೆ ಆ ಸೈಕಲ್ ಮುಗಿಯಿತು ಅಂತಲೇ ಅರ್ಥ. ಹಾಗೆಯೇ ನಾಳೆ ಬೆಳೆಯುತ್ತಾನೆ ಅಂತ ಇವತ್ತೇ ದೊಡ್ಡ ಸೈಕಲ್ ಕೊಡಿಸುವುದೂ ತಪ್ಪು. ಸೀಟಿನಿಂದ ಇಳಿದು ಬಾರ್ ಮೇಲೆ ಕಾಲು ಹಾಕಿ ನಿಂತರೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಬಾರ್‌ಗೂ ಮೈಗೂ ಒಂದೆರಡು ಇಂಚು ಜಾಗ ಇರಬೇಕು.

ತೋಟದಮನೆ:
ಇವತ್ತು ಭಾನುವಾರ, ಕೂತು ಮಾಡಿದೆವು. ಪೇಟೆಯಿಂದ ರಬ್ಬರ್ ತರಿಸಿದೆ. ರಿಮ್ ಮೂರು ಸಲ ಸೋಪಿನಲ್ಲಿ ತಿಕ್ಕಿದ. ಫೋರ್ಕ್ ತಿರುಗಿತು. ಹ್ಯಾಂಡಲ್ ಕಂಬದ ಗೆರೆ ಒಳಗಿದೆ. ಸೀಟಿನದು ಮಾತ್ರ ಅರ್ಧ ಇಂಚು ಹೊರಗಿತ್ತು, ಇಳಿಸಿದೆವು. ಕಾಲು ಈಗ ಚಕ್ರಕ್ಕೆ ತಾಗುತ್ತಿಲ್ಲ! ಸೈಕಲ್ ಸಣ್ಣದಾಗಿರಲೇ ಇಲ್ಲ.

ಒಂದು ತೊಂದರೆ ಉಳಿದಿದೆ. ಮುಂದಿನ ವೈರ್ ಬಿಗಿ ಮಾಡಿದ ಮೇಲೆ ಎಡಗಡೆ ರಬ್ಬರ್ ರಿಮ್ಮಿಗೆ ಅಂಟಿಕೊಂಡೇ ಇರುತ್ತದೆ. ಬ್ರೇಕ್ ಬಿಟ್ಟರೂ ಹಿಂದಕ್ಕೆ ಬರುವುದಿಲ್ಲ. ಚಕ್ರ ಬೆಂಡ್ ಆಗಿದೆಯಾ?

ಹಳೇಪಂಪು:
ಚಕ್ರ ಎತ್ತಿ ತಿರುಗಿಸಿ. ರಿಮ್ ಒಂದೇ ಜಾಗದಲ್ಲಿ ಬಂದು ಬಂದು ತಾಗಿದರೆ ಬೆಂಡ್. ಸುತ್ತಲೂ ಒಂದೇ ಸಮ ತಾಗಿದರೆ ಸ್ಪ್ರಿಂಗ್ ಹೊಂದಿಕೆ ಇಲ್ಲ.

ಸ್ಪ್ರಿಂಗ್ ಆದರೆ ಸುಲಭ. ಮೊದಲು ಆ ಬಾಗಿದ ಕೊಳವೆ ಗೂಡಿನಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಆಮೇಲೆ ಒಂದೊಂದು ಬ್ರೇಕ್ ಕೈಯ ಬುಡದಲ್ಲಿ, ಬದಿಗೆ, ಒಂದು ಚಿಕ್ಕ ಸ್ಕ್ರೂ ಕಾಣುತ್ತದೆ. ಅಂಟಿಕೊಂಡ ಕಡೆಯದನ್ನು ಅರ್ಧ ಸುತ್ತು ಒಳಗೆ ತಿರುಗಿಸಿ, ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿ. ಸಾಲದಿದ್ದರೆ ಇನ್ನರ್ಧ ಸುತ್ತು. ಎರಡೂ ಬದಿ ರಬ್ಬರ್‌ಗೂ ರಿಮ್ಮಿಗೂ ನಡುವೆ ಒಂದೆರಡು ಮಿಲಿಮೀಟರ್ ಬಂದರೆ ಸಾಕು.

ಲಿವರ್ ಬುಡದಲ್ಲೂ ಇನ್ನೊಂದು ಪುಟ್ಟ ಸ್ಕ್ರೂ ಇರಬಹುದು. ಅದನ್ನು ಒಳಗೆ ತಿರುಗಿಸಿದರೆ ಲಿವರ್ ಹಿಡಿಕೆಗೆ ಹತ್ತಿರ ಬರುತ್ತದೆ. ಮಕ್ಕಳ ಬೆರಳು ಗಿಡ್ಡ. ಲಿವರ್ ದೂರ ಇದ್ದರೆ ತುದಿ ಬೆರಳಿನಲ್ಲಿ ಒತ್ತುತ್ತಾರೆ, ಬಲ ಬೀಳುವುದಿಲ್ಲ. ಅವನ ಕೈ ಇಟ್ಟು ನೋಡಿಯೇ ಹೊಂದಿಸಿ.

ತೋಟದಮನೆ:
ಸ್ಪ್ರಿಂಗೇ ಆಗಿತ್ತು. ಸ್ಕ್ರೂ ಒಂದು ಸುತ್ತು ತಿರುಗಿಸಿದ ಮೇಲೆ ಸರಿ ಹೋಯಿತು. ಹಾಗಾದರೆ ನಾಳೆ ಸ್ಕೂಲಿಗೆ ಬಿಡಬಹುದಾ?

ಹಳೇಪಂಪು:
ಮೊದಲು ಪರೀಕ್ಷೆ. ಮುಂದಿನ ಚಕ್ರವನ್ನು ನಿಮ್ಮ ಎರಡು ಮಂಡಿ ನಡುವೆ ಗಟ್ಟಿಯಾಗಿ ಹಿಡಿದು ಹ್ಯಾಂಡಲ್ ತಿರುಗಿಸಲು ನೋಡಿ. ಜಗ್ಗಬಾರದು. ಸೀಟೂ ಹಾಗೆಯೇ. ಆಮೇಲೆ ಮುಂದಿನ ಬ್ರೇಕ್ ಒತ್ತಿ ಸೈಕಲ್ ಮುಂದಕ್ಕೆ ತಳ್ಳಿ, ಹಿಂದಿನ ಚಕ್ರ ನೆಲ ಬಿಟ್ಟು ಏಳಬೇಕು. ಹಿಂದಿನದು ಒತ್ತಿ ತಳ್ಳಿದರೆ ಚಕ್ರ ತಿರುಗದೆ ನೆಲ ಉಜ್ಜಿಕೊಂಡು ಬರಬೇಕು. ಇಷ್ಟಾದ ಮೇಲೆ ಎರಡೂ ರಿಮ್ಮಿಗೆ ಒಂದೊಂದು ಚೊಂಬು ನೀರು ಸುರಿದು ಮತ್ತೆ ನೋಡಿ. ನಿಮ್ಮ ಊರಿಗೆ ಈ ನೀರಿನ ಪರೀಕ್ಷೆಯೇ ಮುಖ್ಯ.

ಇಷ್ಟು ದಿನ ಅವನಿಗೆ ಮುಂದಿನ ಬ್ರೇಕ್ ಇರಲೇ ಇಲ್ಲ. ಬಲಗೈ ಪೂರ್ತಿ ಅದುಮುವುದು ರೂಢಿಯಾಗಿದೆ. ಈಗ ಹಾಗೆ ಅದುಮಿದರೆ ಮುಗ್ಗರಿಸುತ್ತಾನೆ. ಸ್ಕೂಲ್ ಮೈದಾನದಲ್ಲೋ ಅಂಗಳದಲ್ಲೋ ಎರಡು ದಿನ ಅಭ್ಯಾಸ ಮಾಡಿಸಿ. ಎರಡೂ ಬ್ರೇಕ್ ಒಟ್ಟಿಗೆ, ಮೆಲ್ಲಗೆ ಶುರು ಮಾಡಿ ಒತ್ತಡ ಏರಿಸಬೇಕು, ಮೈ ಸ್ವಲ್ಪ ಹಿಂದಕ್ಕೆ ಸರಿಸಬೇಕು. ಮುಂದಿನ ಬ್ರೇಕ್ ಮುಟ್ಟಲೇಬೇಡ ಅಂತ ಕೆಲವರು ಮಕ್ಕಳಿಗೆ ಹೇಳುತ್ತಾರೆ, ಅದು ಸರಿಯಲ್ಲ. ಸೈಕಲ್ ನಿಲ್ಲಿಸುವ ಬಲ ಹೆಚ್ಚಿನದು ಮುಂದಿನ ಬ್ರೇಕಿನಿಂದಲೇ ಬರುವುದು. ಮಳೆಯಲ್ಲಿ ಇಳಿಜಾರು ಶುರುವಾಗುವ ಮೊದಲೇ ಬ್ರೇಕ್ ಹಗುರವಾಗಿ ಒತ್ತಿ ಬಿಟ್ಟು ಮಾಡಿದರೆ ರಿಮ್ಮಿನ ನೀರು ಒರೆಸಿ ಹೋಗುತ್ತದೆ.

ಬ್ಯಾಗ್ ಹ್ಯಾಂಡಲ್‌ಗೆ ನೇತು ಹಾಕುತ್ತಾನಾ? ಹಾಕಿದರೆ ಬಿಡಿಸಿ, ಬೆನ್ನಿಗೆ ಹಾಕಲಿ.

ತೋಟದಮನೆ:
ನೀರು ಸುರಿದು ನೋಡಿದೆವು. ಒದ್ದೆ ಇದ್ದಾಗ ಸ್ವಲ್ಪ ಜಾರಿ ಆಮೇಲೆ ಹಿಡಿಯುತ್ತದೆ, ಆದರೆ ಹಿಡಿಯುತ್ತದೆ. ಎರಡು ದಿನ ಅಡಿಕೆ ಅಂಗಳದಲ್ಲಿ ಓಡಿಸಿದ. ಮೊದಲ ಸಲ ಮುಂದಿನ ಬ್ರೇಕ್ ಒತ್ತಿ ತಾನೇ ಬೆಚ್ಚಿ ಬಿದ್ದ.

ಸದ್ಯಕ್ಕೆ ಜೋರು ಮಳೆ ಇದ್ದ ದಿನ ಇಳಿಜಾರಿನಲ್ಲಿ ತಳ್ಳಿಕೊಂಡೇ ಹೋಗಬೇಕು ಅಂತ ಹೇಳಿದ್ದೇನೆ. ಒಪ್ಪಿದ್ದಾನೆ. ಇನ್ನೊಂದು ಕೇಳಬೇಕಿತ್ತು. ಅವನ ತಂಗಿ ಒಂದನೇ ಕ್ಲಾಸು. ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಲಾ ಅಂತ ಕೇಳುತ್ತಿದ್ದಾನೆ.

ಹಳೇಪಂಪು:
ಬೇಡ ಅಕ್ಕಾ. ಈಗಷ್ಟೇ ಬ್ರೇಕ್ ಹಿಡಿಯುವುದನ್ನು ಕಲಿಯುತ್ತಿದ್ದಾನೆ, ಇನ್ನೊಬ್ಬರ ಭಾರ ಬಿದ್ದರೆ ಆ ಇಳಿಜಾರಿನಲ್ಲಿ ನಿಲ್ಲಿಸುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಪುಟ್ಟ ಮಕ್ಕಳ ಕಾಲು ಜೋತಾಡಿ ಕಡ್ಡಿಯೊಳಗೆ ಹೋಗುತ್ತದೆ. ಹಿಮ್ಮಡಿ ಸಿಕ್ಕಿ ಚರ್ಮ ಕಿತ್ತು ಬಂದ ಮಕ್ಕಳನ್ನು ಅಂಗಡಿ ಮುಂದೆ ಇಳಿಸಿಕೊಂಡಿದ್ದೇನೆ. ಒಂದು ಸಲ ಮಗುವಿನ ಕಾಲು ಬಿಡಿಸಲು ನಾಲ್ಕು ಕಡ್ಡಿ ಕತ್ತರಿಸಬೇಕಾಯಿತು. ಅವಳು ನಿಮ್ಮ ಜೊತೆ ನಡೆದೇ ಬರಲಿ.

ತಿಂಗಳು ಬಿಟ್ಟು ಮುಂದಿನ ವೈರ್ ಇನ್ನೊಮ್ಮೆ ನೋಡಿ. ಹೊಸದಾಗಿ ಬಿಗಿ ಮಾಡಿದ್ದು ಸ್ವಲ್ಪ ಸಡಿಲವಾಗಿರುತ್ತದೆ.