ಸಹಾಯ ಬೇಕು: ಲಿನಕ್ಸ್ ಸರ್ಟಿಫಿಕೇಟ್‌ಗೆ ಎಲ್‌ಪಿಐಸಿ-1 ಮೊದಲು ಮಾಡಲಾ, ನೇರ ಆರ್‌ಎಚ್‌ಸಿಎಸ್‌ಎಗೆ ಹೋಗಲಾ?

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಕೈಯಲ್ಲಿ ಒಂದೂ ಸರ್ಟಿಫಿಕೇಟ್ ಇಲ್ಲ. ಈಗ ಮಾಡಿಯೇ ಬಿಡೋಣ ಅಂತ ಕೂತಿದ್ದೇನೆ, ಯಾವುದು ಅನ್ನೋದೇ ತಲೆನೋವು.

ಎಲ್‌ಪಿಐಸಿ-1 ಅಂದರೆ ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್ ಕೊಡುವ ಸರ್ಟಿಫಿಕೇಟ್. ಅದಕ್ಕೆ 101, 102 ಅಂತ ಎರಡು ಪರೀಕ್ಷೆ. ಒಂದೊಂದಕ್ಕೂ 60 ಪ್ರಶ್ನೆ, 90 ನಿಮಿಷ. ಪಾಸಾದರೆ 5 ವರ್ಷ ನಡೆಯುತ್ತದೆ. ರೆಡ್ ಹ್ಯಾಟ್ ಕಂಪನಿಯ ಆರ್‌ಎಚ್‌ಸಿಎಸ್‌ಎ ಹಾಗಲ್ಲ. ಟಿಕ್ ಹಾಕುವ ಪ್ರಶ್ನೆಯೇ ಇಲ್ಲ, ಮೆಷಿನ್ ಮುಂದೆ ಕೂರಿಸಿ ಕೆಲಸ ಮಾಡಿಸುತ್ತಾರೆ. 300ಕ್ಕೆ 210 ಬರಬೇಕು. ಇಂಟರ್ನೆಟ್ ಇಲ್ಲ, ಮೆಷಿನ್‌ನಲ್ಲೇ ಇರುವ ಸಹಾಯ ಪುಟಗಳು, ಅಂದರೆ ಮ್ಯಾನ್ ಪೇಜ್‌ಗಳೇ ಗತಿ. ಮಾಡಿದ್ದೆಲ್ಲ ರೀಬೂಟ್ ಆದ ಮೇಲೂ ಉಳಿದಿರಬೇಕು.

ನನ್ನ ಭಯ ಆ ರೀಬೂಟ್‌ದೇ. ಮೊನ್ನೆ ವರ್ಚುವಲ್ ಮೆಷಿನ್‌ನಲ್ಲಿ ಟೈಮರ್ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಎಲ್‌ವಿಎಂ ಸಲೀಸಾಗಿ ಆಯಿತು. ಆದರೆ ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ, ಡಿಸ್ಕ್‌ನ ಗುರುತಿನ ಸಂಖ್ಯೆಯಾದ ಯುಯುಐಡಿಯ ಒಂದು ಅಕ್ಷರ ಬಿಟ್ಟುಹೋಗಿತ್ತು. ರೀಬೂಟ್ ಮಾಡಿದರೆ ಸಿಸ್ಟಮ್ ಪೂರ್ತಿ ಏಳದೆ ನೇರ ಎಮರ್ಜೆನ್ಸಿ ಮೋಡ್! ಆ ಫೈಲ್‌ನಲ್ಲಿರುವ ಡಿಸ್ಕ್‌ಗಳನ್ನು ಆಗಲೇ ಜೋಡಿಸಿ ನೋಡುವ ‘ಮೌಂಟ್ ಮೈನಸ್ ಎ’ ಕಮಾಂಡ್ ಮೊದಲೇ ಕೊಟ್ಟು ನೋಡಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು. ಸುಮ್ನೆ ಅವಸರ. ಇನ್ನು ಯಾವ ಪ್ರೋಗ್ರಾಂ ಏನು ಮುಟ್ಟಬಹುದು ಅಂತ ಕಾಯುವ ಭದ್ರತಾ ವ್ಯವಸ್ಥೆ ಎಸ್‌ಇಲಿನಕ್ಸ್ ಬಗ್ಗೆ ಕೇಳಲೇಬೇಡಿ, ಇಷ್ಟು ದಿನ ಅದನ್ನು ಆಫ್ ಮಾಡಿಯೇ ಬದುಕಿದ್ದು.

ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆಗೇ ಬೆಲೆ ಜಾಸ್ತಿ ಅಂತ ನನಗನಿಸುತ್ತದೆ. ಆದರೆ ಎಲ್‌ಪಿಐಸಿಗೆ ಓದಿದರೆ ರೆಡ್ ಹ್ಯಾಟ್ ಅಲ್ಲದ ಇನ್ನೊಂದು ಬಗೆಯ ಲಿನಕ್ಸ್ ಆದ ಡೆಬಿಯನ್ ಕಡೆಯದ್ದೂ ಗಟ್ಟಿಯಾಗುತ್ತೆ ಅಲ್ವಾ? ಎರಡನ್ನೂ ಬರೆದವರು ಯಾರಾದರೂ ಇದ್ದರೆ ಹೇಳಿ. ಎಸ್‌ಇಲಿನಕ್ಸ್ ಅನ್ನು ಹೇಗೆ ಅಭ್ಯಾಸ ಮಾಡಿದಿರಿ? ಸಮಯ ಸಾಕಾಯಿತಾ? ರೀಬೂಟ್‌ಗೆ ಅಂತ ಕೊನೆಯಲ್ಲಿ ಎಷ್ಟು ನಿಮಿಷ ಉಳಿಸಿಕೊಂಡಿರಿ?